ಬಿಡಾರದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ

ಬೇಸಾಯಗಾರನ ಬಾಳೆಲ್ಲವೂ ಮನೆಯ ಸೂರಿನ ಕೆಳಗೆ ಕಳೆಯುವುದಿಲ್ಲ. ಪೈರು ತೆನೆಗಟ್ಟಿದಾಗ ಹಂದಿಯ ಕಾಟವನ್ನು ತಡೆಯಲು ಅಟ್ಟಣೆಯ ಮೇಲೆ ರಾತ್ರಿಯೆಲ್ಲಾ ಕಾದಿರಬೇಕಾಗುವುದು. ಸುಗ್ಗಿಯಲ್ಲಿ ಕಣದ ಪಕ್ಕದಲ್ಲಿಯೇ ಮಲಗಬೇಕಾಗುವುದು. ದನಗಳ ಜಾತ್ರೆಗೆ ಎತ್ತುಗಳನ್ನು ಹೊಡೆದುಕೊಂಡು ಹೋದವರು ಬಯಲಿನಲ್ಲಿ ದಿನಗಟ್ಟಲೆ ಬೀಡುಬಿಡುವರು. ಕುರಿಗಾಹಿಗಳು ಹಟ್ಟಿಯನ್ನು ಬಿಟ್ಟು ತಿಂಗಳುಗಟ್ಟಲೆ ಊರಿಂದೂರಿಗೆ ಸಾಗುವರು. ಇವೆಲ್ಲಕ್ಕೂ ಮಿಗಿಲಾಗಿ, ಸಕ್ಕರೆ ಕಾರ್ಖಾನೆಗಳ ಹಂಗಾಮು ಪ್ರಾರಂಭವಾದೊಡನೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಕಬ್ಬಿನ ಬಯಲುಗಳಲ್ಲಿ ಗುಡಿಸಲುಗಳ ಸಾಲುಗಳು ಏಳುವುವು. ಬೇರೆ ಜಿಲ್ಲೆಗಳಿಂದಲೂ ನೆರೆಯ ಮಹಾರಾಷ್ಟ್ರದಿಂದಲೂ ಬಂದ ಕಬ್ಬು ಕಡಿಯುವ ಕುಟುಂಬಗಳು ಅವುಗಳಲ್ಲಿ ಕೂಸು ಕಂದಮ್ಮಗಳೊಡನೆ ಹಲವು ತಿಂಗಳು ತಂಗುವುವು.

ಇಂತಹ ಬಿಡಾರಕ್ಕೆ ಹೊರಡುವವರು ಹಿಟ್ಟು, ಬೇಳೆ, ಮಡಕೆ, ಹಗ್ಗ, ಕೊಡಲಿ, ಕಂಬಳಿಗಳನ್ನು ಎಣಿಸಿ ಕಟ್ಟಿಕೊಳ್ಳುವರು. ಎತ್ತಿನ ಲಾಳವೊಂದು ಸಡಿಲವಾಗಿದ್ದರೆ ಅದನ್ನೂ ನೋಡಿಕೊಳ್ಳುವರು. ಆದರೆ ಮನುಷ್ಯನಿಗೆ ಪೆಟ್ಟಾದರೆ ಏನು ಮಾಡಬೇಕೆಂಬ ಯೋಚನೆಯು ಪೆಟ್ಟಾದ ಮೇಲೆಯೇ ಹುಟ್ಟುವುದು. ಊರಿನಲ್ಲಿ ಒಬ್ಬನಿಗೆ ಗಾಯವಾದರೆ ನೆರೆಹೊರೆಯವರು ಓಡಿಬರುವರು, ವಾಹನವು ಸಿಕ್ಕುವುದು, ಆಸ್ಪತ್ರೆಯ ದಾರಿ ಎಲ್ಲರಿಗೂ ಗೊತ್ತಿರುವುದು. ಬಿಡಾರದಲ್ಲಿ ಇವಾವುವೂ ಇಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದು ಅವಶ್ಯವಾದುದು. ಅದನ್ನು ಸಿದ್ಧಪಡಿಸುವ ಕ್ರಮವನ್ನೂ, ಅದರಲ್ಲಿ ಜಮೀನಿನ ಒಡೆಯರೂ ಊರಿನ ಯಜಮಾನರೂ ವಹಿಸಬೇಕಾದ ಹೊಣೆಯನ್ನೂ ಮುಂದೆ ವಿವರಿಸಿದೆ.

ಪೆಟ್ಟಿಗೆಯ ಉದ್ದೇಶ

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯು ಆಸ್ಪತ್ರೆಯಲ್ಲ. ಅದರಿಂದ ರೋಗವನ್ನು ವಾಸಿಮಾಡುವೆವೆಂದು ಭಾವಿಸಿ ಹತ್ತಾರು ಬಗೆಯ ಗುಳಿಗೆಗಳನ್ನು ತುಂಬಿಡುವುದು ತಪ್ಪು. ಅದರ ಕೆಲಸಗಳು ಮೂರು ಮಾತ್ರ: ಹರಿಯುವ ರಕ್ತವನ್ನು ನಿಲ್ಲಿಸುವುದು, ಗಾಯವು ಕೊಳೆಯಾಗದಂತೆ ಕಾಯುವುದು, ವೈದ್ಯರ ಕೈಗೆ ಒಪ್ಪಿಸುವವರೆಗೆ ರೋಗಿಯ ಸ್ಥಿತಿಯು ಕೆಡದಂತೆ ನೋಡಿಕೊಳ್ಳುವುದು. ಈ ಮೂರರಲ್ಲಿ ಒಂದಕ್ಕೂ ಒದಗದ ವಸ್ತುವಿಗೆ ಪೆಟ್ಟಿಗೆಯಲ್ಲಿ ಸ್ಥಳ ಕೊಡಬೇಕಾದುದಿಲ್ಲ.

ಏನನ್ನು ಇಡಬೇಕೆಂಬುದನ್ನು ಅಂಗಡಿಯವನ ಪಟ್ಟಿಯಿಂದಲ್ಲ, ಬಿಡಾರದಲ್ಲಿ ನಡೆಯುವ ಅಪಾಯಗಳಿಂದ ತಿಳಿಯತಕ್ಕದ್ದು. ಕಬ್ಬಿನ ಬಿಡಾರವನ್ನೇ ನೋಡಬಹುದು. ಮಚ್ಚು ಜಾರಿ ಕೈಕಾಲುಗಳು ಕೊಯ್ಯುವುವು. ಕಬ್ಬಿನ ಗರಿಯ ಅಂಚು ಕಣ್ಣಿಗೆ ತಗಲುವುದು. ಹೊರೆ ಹೊತ್ತು ಏಣಿ ಹತ್ತುವವರು ಕಾಲು ಜಾರಿ ಬೀಳುವರು. ಮೂರು ಕಲ್ಲಿನ ಒಲೆಯ ಬಳಿ ಆಡುವ ಮಕ್ಕಳಿಗೆ ಸುಡುವುದು. ಕಾಲುವೆಯ ನೀರನ್ನು ಕಾಯಿಸದೆ ಕುಡಿದವರಿಗೆ ಭೇದಿಯಾಗುವುದು. ನೆಲದ ಮೇಲೆ ಮಲಗಿದವರಿಗೆ ಹಾವು ಕಡಿಯುವುದು. ಜಾತ್ರೆಯ ಬೀಡಿನಲ್ಲಿಯೂ ಕುರಿಯ ಹಟ್ಟಿಯಲ್ಲಿಯೂ ಬಹುಮಟ್ಟಿಗೆ ಇವೇ ಅಪಾಯಗಳು. ಎತ್ತಿನ ಒದೆತವೂ ನಾಯಿಯ ಕಡಿತವೂ ಹೆಚ್ಚಾಗಿ ಸೇರುವುವು.

ಪೆಟ್ಟಿಗೆ ಮತ್ತು ಸಾಮಗ್ರಿ

ಪೆಟ್ಟಿಗೆಯು ತಗಡಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ ಆಗಬಹುದು. ಮುಚ್ಚಳವು ಬಿಗಿಯಾಗಿರಬೇಕು, ಮಳೆ, ಧೂಳು, ಇರುವೆಗಳು ಒಳಹೋಗಕೂಡದು. ಬೀಗ ಹಾಕಕೂಡದು, ಬೀಗದ ಕೈಯಿದ್ದವನು ಸಂತೆಗೆ ಹೋದ ದಿನವೇ ಪೆಟ್ಟಿಗೆ ಬೇಕಾಗುವುದು. ಮಕ್ಕಳ ಕೈಗೆ ಎಟುಕದಂತೆ ಎತ್ತರದಲ್ಲಿ ತೂಗುಹಾಕಿದರೆ ಸಾಕು. ಅನೇಕರು ಪೆಟ್ಟಿಗೆಯ ಮೇಲೆ ಕೆಂಪು ಶಿಲುಬೆಯನ್ನು ಬರೆಯಿಸುವರು. ಆ ಚಿಹ್ನೆಯು ರೆಡ್ ಕ್ರಾಸ್ ಸಂಸ್ಥೆಗೂ ಸೈನ್ಯದ ವೈದ್ಯಕೀಯ ಸೇವೆಗೂ ಮೀಸಲಾಗಿದ್ದು, ೧೯೬೦ ರ ಜಿನೀವಾ ಒಪ್ಪಂದಗಳ ಕಾಯಿದೆಯ ಪ್ರಕಾರ ಇತರರು ಅದನ್ನು ಬಳಸಕೂಡದು. ಹಸುರು ಬಣ್ಣದ ಮೇಲೆ ಬಿಳಿಯ ಶಿಲುಬೆಯನ್ನು ಬರೆದರೆ ಕತ್ತಲೆಯಲ್ಲಿಯೂ ಗುರುತಾಗುವುದು, ಕಾನೂನಿಗೂ ಸರಿಹೋಗುವುದು.

ಇಪ್ಪತ್ತು ಜನರ ಬಿಡಾರವೊಂದಕ್ಕೆ ಈ ಕೆಳಗಿನ ಸಾಮಗ್ರಿಗಳು ಸಾಕಾಗುವುವು:

೧. ಕ್ರಿಮಿರಹಿತವಾದ ಗಾಜು ಬಟ್ಟೆಯ ಪೊಟ್ಟಣಗಳು, ದೊಡ್ಡವು ೧೦, ಚಿಕ್ಕವು ೨೦.
೨. ಸುರುಳಿ ಪಟ್ಟಿಗಳು, ೨ ಅಂಗುಲದವು ೬, ೪ ಅಂಗುಲದವು ೬. ಎಳೆದರೆ ಹಿಗ್ಗುವ ಕ್ರೇಪ್ ಪಟ್ಟಿಗಳು ೪.
೩. ತ್ರಿಕೋನ ಪಟ್ಟಿಗಳು ೬. ಒಂದು ಮೀಟರ್ ಚದರದ ಹತ್ತಿಯ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಪಟ್ಟಿಗಳಾಗುವುವು. ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿ ಮಡಿಸಿಡಬೇಕು.
೪. ಅಂಟುಪಟ್ಟಿಯ ಸುರುಳಿ ೨, ಹತ್ತಿ ಒಂದು ಕಟ್ಟು, ಪಿನ್ನುಗಳು ಒಂದು ಡಜನ್.
೫. ಮೊಂಡು ತುದಿಯ ಕತ್ತರಿ ಒಂದು, ಮುಳ್ಳು ತೆಗೆಯುವ ಚಿಮುಟ ಒಂದು.
೬. ರಬ್ಬರಿನ ಕೈಚೀಲಗಳು ೧೦ ಜೊತೆ. ಇನ್ನೊಬ್ಬರ ರಕ್ತವನ್ನು ಬರಿಗೈಯಿಂದ ಮುಟ್ಟಕೂಡದು.
೭. ಸ್ನಾನದ ಸಾಬೂನು ೨, ಪೋವಿಡೋನ್ ಅಯೋಡಿನ್ ದ್ರಾವಣದ ಸೀಸೆ ೧.
೮. ಜೀವಜಲದ, ಎಂದರೆ ಓ.ಆರ್.ಎಸ್. ಪುಡಿಯ ಪೊಟ್ಟಣಗಳು ೨೦. ಒಂದು ಲೀಟರ್ ಗುರುತಿರುವ ಸೀಸೆ, ಒಂದು ಚಮಚ.
೯. ಪ್ಯಾರಾಸಿಟಮಾಲ್ ೫೦೦ ಮಿಲಿಗ್ರಾಂ ಗುಳಿಗೆಗಳು ೨೦, ಜ್ವರಮಾಪಕ ಒಂದು.
೧೦. ಮುರಿದ ಮೂಳೆಗೆ ಆಧಾರವಾಗಿ ಕಟ್ಟಲು ನಯಮಾಡಿದ ಬಿದಿರಿನ ಪಟ್ಟಿಗಳು, ಮೊಳದುದ್ದದವು ೪, ಎರಡು ಮೊಳದವು ೨.
೧೧. ಬ್ಯಾಟರಿ ದೀಪ ಒಂದು, ಬೇರೆಯಾಗಿ ಸುತ್ತಿಟ್ಟ ಹೊಸ ಬ್ಯಾಟರಿಗಳು.
೧೨. ಒಂದು ಪುಸ್ತಕ, ಒಂದು ಸೀಸದ ಕಡ್ಡಿ.

ಹೆಂಗಸರಿರುವ ಬಿಡಾರದಲ್ಲಿ ಮುಟ್ಟಿನ ಕಾಲಕ್ಕೆ ಬೇಕಾಗುವ ಶುಚಿಯಾದ ಬಟ್ಟೆಯ ಕಟ್ಟೊಂದನ್ನು ಸೇರಿಸುವುದು ಯುಕ್ತವು.

ಪ್ಯಾರಾಸಿಟಮಾಲ್ ಒಂದನ್ನುಳಿದು ಬೇರೆ ನುಂಗುವ ಗುಳಿಗೆಗಳು ಈ ಪಟ್ಟಿಯಲ್ಲಿಲ್ಲವೆಂಬುದನ್ನು ಗಮನಿಸಬೇಕು. ಅದನ್ನೂ ದೊಡ್ಡವರಿಗೆ ಒಮ್ಮೆಗೆ ಒಂದರಂತೆ, ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕನ್ನು ಮೀರದಂತೆ ಕೊಡಬಹುದು. ಮಕ್ಕಳಿಗೆ ಪ್ರಮಾಣವು ತೂಕದ ಮೇಲೆ ಹೋಗುವುದರಿಂದ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಎರಡು ದಿನಗಳಲ್ಲಿ ಇಳಿಯದ ಜ್ವರವನ್ನು ಗುಳಿಗೆಯಿಂದ ಅಡಗಿಸುತ್ತ ಕೂರಕೂಡದು.

ಪೆಟ್ಟಿಗೆಯಲ್ಲಿ ಇಡಕೂಡದ ವಸ್ತುಗಳು

ಕೆಲವು ವಸ್ತುಗಳು ಹೊರಗಿರುವುದರಿಂದಲೇ ಪೆಟ್ಟಿಗೆಯು ಉಪಕಾರಿಯಾಗುವುದು. ಹಾವಿನ ಕಡಿತವನ್ನು ಕೊಯ್ಯುವ ಬ್ಲೇಡು, ಬಿಗಿಯಾಗಿ ಕಟ್ಟುವ ಹುರಿ, ವಿಷ ಹೀರುವುದೆಂದು ಮಾರುವ ಕಲ್ಲು, ಹೆಸರಿಲ್ಲದ ಪುಡಿಗಳು, ಯಾರೋ ತಿಂದು ಉಳಿಸಿದ ಗುಳಿಗೆಗಳು, ಇವುಗಳಿಂದ ಆಗುವುದು ಕೇಡೇ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನು ತಂದಿಟ್ಟುಕೊಳ್ಳಬಹುದಲ್ಲವೇ ಎಂದು ಕೆಲವರು ಕೇಳುವರು. ಅದು ಕುದುರೆಯ ರಕ್ತದಿಂದ ತಯಾರಾದ ಔಷಧವಾದುದರಿಂದ ಕೆಲವರ ಮೈಗೆ ಒಗ್ಗದೆ ಹಠಾತ್ತಾಗಿ ಉಸಿರು ಕಟ್ಟುವ ಸಂಭವವುಂಟು. ಅದನ್ನು ರಕ್ತನಾಳದೊಳಕ್ಕೆ ಕೊಟ್ಟು ಕಾವಲಿರುವುದು ಆಸ್ಪತ್ರೆಯ ಕೆಲಸ.

ಉಪಯೋಗಿಸುವ ಕ್ರಮ

ಕೊಯ್ದ ಗಾಯ: ರಕ್ತವು ಹರಿಯುತ್ತಿದ್ದರೆ ಗಾಜು ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ನಿಂತಿತೇ ಎಂದು ಆಗಾಗ ತೆಗೆದು ನೋಡಿದರೆ ಹೆಪ್ಪುಗಟ್ಟಿದುದು ಕಿತ್ತುಬರುವುದು. ಬಟ್ಟೆಯು ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಬೇಕು. ಚಿಕ್ಕ ಗಾಯಗಳನ್ನು ಸಾಬೂನು ನೀರಿನಿಂದ ತೊಳೆದು ಪಟ್ಟಿ ಕಟ್ಟಿದರೆ ಸಾಕು. ಕಾಫಿಪುಡಿ, ಸುಣ್ಣ, ಬೂದಿ, ಸಗಣಿಗಳನ್ನು ಮೆತ್ತುವುದರಿಂದ ಧನುರ್ವಾಯುವಿಗೆ ದಾರಿಯಾಗುವುದು. ಮಣ್ಣು ಸೇರಿದ ಪ್ರತಿಯೊಂದು ಗಾಯಕ್ಕೂ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳತಕ್ಕದ್ದು. ಮಚ್ಚಿನ ಏಟಿಗೆ ಬೆರಳು ತುಂಡಾಗಿ ಬಿದ್ದರೆ ಅದನ್ನು ಒದ್ದೆಯ ಶುಚಿ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ರೋಗಿಯೊಡನೆಯೇ ಕಳುಹಿಸಬೇಕು. ಬೆರಳಿಗೆ ಮಂಜುಗಡ್ಡೆಯು ನೇರವಾಗಿ ತಗಲಕೂಡದು.

ಕಣ್ಣಿನ ಪೆಟ್ಟು: ಗರಿ ತಗಲಿದ ಕಣ್ಣನ್ನು ಉಜ್ಜದೆ ಶುದ್ಧವಾದ ನೀರಿನಿಂದ ತೊಳೆದು, ಸಡಿಲವಾಗಿ ಮುಚ್ಚಿ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಬೇಕು. ಹಾಲು, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಹಾಕಕೂಡದು. ಪೈರಿನ ಎಲೆಯು ಗೀರಿದ ಕಣ್ಣಿನಲ್ಲಿ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು ಬೆಳೆದು ಹುಣ್ಣಾಗುವುದುಂಟು. ಚಿಕ್ಕ ಗೀರೆಂದು ವಾರಗಟ್ಟಲೆ ಅಲಕ್ಷ್ಯಮಾಡಿದವರು ಕಣ್ಣನ್ನೇ ಕಳೆದುಕೊಳ್ಳುವರು.

ಸುಟ್ಟ ಗಾಯ: ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರನ್ನು ಹೊಯ್ಯುತ್ತಿರಬೇಕು. ಊತವೇರುವ ಮೊದಲೇ ಬಳೆ, ಉಂಗುರ, ಉಡಿದಾರಗಳನ್ನು ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬಾರದು. ಮಸಿ, ಹಲ್ಲುಜ್ಜುವ ಪೇಸ್ಟು, ಎಣ್ಣೆಗಳು ಬೇಡ. ಒಗೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಕರೆದೊಯ್ಯಬೇಕು.

ಮೂಳೆಯ ಪೆಟ್ಟು: ಎಳೆದು ನೇರಮಾಡುವ ಪ್ರಯತ್ನವು ಕೂಡದು. ಇರುವ ಸ್ಥಿತಿಯಲ್ಲಿಯೇ ಬಿದಿರು ಪಟ್ಟಿಯನ್ನಿಟ್ಟು, ಪೆಟ್ಟಾದ ಸ್ಥಳದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲುಗದಂತೆ ಕಟ್ಟಬೇಕು. ಕೈಯಾದರೆ ತ್ರಿಕೋನ ಪಟ್ಟಿಯಿಂದ ಕೊರಳಿಗೆ ತೂಗುಹಾಕಬೇಕು.

ನಾಯಿಯ ಕಡಿತ: ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದೇ ಮೊದಲ ಚಿಕಿತ್ಸೆ. ಹುಚ್ಚು ಕಾಣಿಸಿಕೊಂಡ ಮೇಲೆ ಬದುಕುವ ಆಸೆಯು ಇಲ್ಲವೆಂದೇ ಹೇಳಬೇಕು. ಆದರೆ ಅದಕ್ಕೆ ಮೊದಲು ಲಸಿಕೆಯನ್ನು ಕ್ರಮವಾಗಿ ಪೂರೈಸಿದರೆ ಬಹುಶಃ ಎಲ್ಲರೂ ಉಳಿಯುವರು. ಆದುದರಿಂದ ಅದೇ ದಿನ ಲಸಿಕೆಯು ಪ್ರಾರಂಭವಾಗಬೇಕು.

ಕ್ರಿಮಿನಾಶಕದ ವಿಷ: ಸಿಂಪಡಿಸುವಾಗ ಮೈಮೇಲೆ ಚೆಲ್ಲಿದರೆ ಬಟ್ಟೆಯನ್ನು ತೆಗೆದು ಸಾಬೂನು ನೀರಿನಿಂದ ತೊಳೆಯಬೇಕು. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿಮಾಡಿಸಕೂಡದು. ಔಷಧದ ಡಬ್ಬವನ್ನೂ ಚೀಟಿಯನ್ನೂ ರೋಗಿಯೊಡನೆ ಕಳುಹಿಸಿದರೆ ವೈದ್ಯರು ವಿಷವನ್ನು ಗುರುತಿಸಿ ತಕ್ಕ ಮದ್ದನ್ನು ಬೇಗನೆ ಕೊಡುವರು.

ಬಿಸಿಲಿನ ಬೇಗೆ: ತಲೆ ತಿರುಗಿ ಬಿದ್ದವನನ್ನು ನೆರಳಿಗೆ ಒಯ್ದು, ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಹಾಕಬೇಕು. ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಭೇದಿಯೂ ಜೀವಜಲವೂ

ಬಿಡಾರದಲ್ಲಿ ಪ್ರಥಮ ಚಿಕಿತ್ಸೆಯು ಎಂತಹ ಕೆಲಸವನ್ನು ಮಾಡಬಲ್ಲುದೆಂಬುದಕ್ಕೆ ೧೯೭೧ ರ ನಿದರ್ಶನವೊಂದು ಸಾಕು. ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರ ಬಿಡಾರಗಳು ತುಂಬಿ, ಅವುಗಳಲ್ಲಿ ಕಾಲರಾ ವ್ಯಾಧಿಯು ಹರಡಿತು. ರಕ್ತನಾಳಕ್ಕೆ ಕೊಡುವ ದ್ರಾವಣವು ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್ ಮತ್ತು ಅಡಿಗೆ ಸೋಡಾಗಳನ್ನು ನೀರಿನಲ್ಲಿ ಬೆರೆಸಿ ಪೀಪಾಯಿಗಳಲ್ಲಿ ತುಂಬಿಟ್ಟು, ರೋಗಿಗಳ ಬಂಧುಗಳಿಂದಲೇ ಕುಡಿಸುವ ಏರ್ಪಾಡನ್ನು ಮಾಡಿದರು. ಶೇಕಡ ೩೦ ರಷ್ಟಿದ್ದ ಸಾವು ಇದರಿಂದ ಶೇಕಡ ೪ ಕ್ಕೂ ಕೆಳಗೆ ಇಳಿಯಿತು. ಕುಡಿಸಿದವರು ವೈದ್ಯರಲ್ಲ, ತಾಯಂದಿರು, ಅಣ್ಣತಮ್ಮಂದಿರು. ಬೇಕಾದುದನ್ನು ಸಿದ್ಧಮಾಡಿ ಕೈಗೆ ಕೊಟ್ಟು, ಮಾಡುವ ಬಗೆಯನ್ನು ಹೇಳಿಕೊಟ್ಟರೆ ಸಾಮಾನ್ಯ ಜನರೂ ಜೀವವನ್ನು ಉಳಿಸಬಲ್ಲರೆಂಬುದು ಇದರಿಂದ ಸ್ಪಷ್ಟವಾಗುವುದು. ಆ ವೈದ್ಯರು ೨೦೨೨ ರಲ್ಲಿ ತೀರಿಕೊಂಡರು. ೨೦೨೩ ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ಸಲ್ಲಿಸಿತು.

ಒಂದು ಲೀಟರಿನ ದೊಡ್ಡ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕು. ಪುಡಿಯನ್ನು ಅಂದಾಜಿನಿಂದ ಲೋಟಕ್ಕೆ ಉದುರಿಸಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯವಾಗುವುದು. ಒಮ್ಮೆ ಕಲಸಿದುದನ್ನು ೨೪ ಗಂಟೆಗಳ ಮೇಲೆ ಇಡಕೂಡದು. ಪ್ರತಿಸಲ ಭೇದಿಯಾದಾಗಲೂ ಎರಡು ವರ್ಷದೊಳಗಿನ ಕೂಸಿಗೆ ೫೦ ರಿಂದ ೧೦೦ ಮಿಲಿಲೀಟರ್, ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ ೧೦೦ ರಿಂದ ೨೦೦ ಮಿಲಿಲೀಟರ್, ದೊಡ್ಡವರಿಗೆ ಬೇಕಾದಷ್ಟನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣಗಳು ಮುಗಿದಿದ್ದರೆ ಒಂದು ಲೀಟರ್ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಹಾಕಿ ಕಲಸಬಹುದು. ಮೊಲೆಹಾಲನ್ನೂ ಗಂಜಿಯನ್ನೂ ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮೂತ್ರವು ನಿಂತರೆ, ಮಲದಲ್ಲಿ ರಕ್ತವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಹಾವಿನ ಕಡಿತ

ಬಿಡಾರದ ಅಪಾಯಗಳಲ್ಲಿ ಅತ್ಯಂತ ಭಯಂಕರವಾದುದೂ, ಹೆಚ್ಚು ತಪ್ಪು ಚಿಕಿತ್ಸೆಗೆ ಗುರಿಯಾಗುವುದೂ ಇದೇ. ೨೦೦೦ ದಿಂದ ೨೦೧೯ ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು ಹನ್ನೆರಡು ಲಕ್ಷ ಜನರು, ಎಂದರೆ ವರ್ಷಕ್ಕೆ ಸುಮಾರು ೫೮,೦೦೦ ಜನರು, ಹಾವಿನ ಕಡಿತದಿಂದ ಸತ್ತರೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ. ಇವರಲ್ಲಿ ಬಹುಪಾಲು ಹಳ್ಳಿಗರು. ೨೦೨೪ ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡತಕ್ಕ ವಿಷಯವನ್ನಾಗಿ ಮಾಡಿತು.

ಸಾವಿಗೆ ಹೆಚ್ಚಾಗಿ ಕಾರಣವಾಗುವವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳೆಂಬ ನಾಲ್ಕು. ಇವುಗಳಲ್ಲಿ ಕಟ್ಟುಹಾವು ಬಿಡಾರದವರಿಗೆ ವಿಶೇಷ ಶತ್ರು. ಅದು ರಾತ್ರಿಯಲ್ಲಿ ಸಂಚರಿಸಿ ನೆಲದ ಮೇಲೆ ಮಲಗಿದವರನ್ನು ಕಡಿಯುವುದು. ಕಡಿದಲ್ಲಿ ನೋವೂ ಊತವೂ ಬಹಳ ಕಡಿಮೆ. ಎಷ್ಟೋ ವೇಳೆ ಸೊಳ್ಳೆಯೋ ಇರುವೆಯೋ ಕಚ್ಚಿತೆಂದು ತಿಳಿದು ಮಗ್ಗುಲು ಬದಲಿಸಿ ಮಲಗುವರು. ಅನಂತರ ಹೊಟ್ಟೆನೋವು ಬರುವುದು, ರೆಪ್ಪೆಗಳು ಜೋಲುವುವು, ನುಂಗಲು ಕಷ್ಟವಾಗುವುದು, ಕೊನೆಗೆ ಉಸಿರಾಟವು ನಿಲ್ಲುವುದು. ಆದುದರಿಂದ ಬಿಡಾರದಲ್ಲಿ ರಾತ್ರಿ ಮಲಗಿದ್ದವನು ಕಾರಣವಿಲ್ಲದೆ ಹೊಟ್ಟೆನೋವೆಂದು ಎದ್ದು, ಅವನ ರೆಪ್ಪೆಗಳು ಭಾರವಾದರೆ, ಗಾಯವು ಕಾಣದಿದ್ದರೂ ಹಾವಿನ ಕಡಿತವೆಂದೇ ಭಾವಿಸಿ ಹೊರಡಬೇಕು.

ಮಾಡತಕ್ಕದ್ದು ನಾಲ್ಕು. ಮೊದಲನೆಯದಾಗಿ, ರೋಗಿಗೆ ಧೈರ್ಯ ಹೇಳಬೇಕು. ಕಡಿಯುವ ಹಾವುಗಳಲ್ಲಿ ಅನೇಕವು ವಿಷವಿಲ್ಲದವು. ಎರಡನೆಯದಾಗಿ, ಕಡಿದ ಕೈಯನ್ನಾಗಲಿ ಕಾಲನ್ನಾಗಲಿ ಮೂಳೆ ಮುರಿದವರಿಗೆ ಮಾಡುವಂತೆ ಬಿದಿರು ಪಟ್ಟಿಯಿಟ್ಟು ಅಲುಗದಂತೆ, ಆದರೆ ಬಿಗಿಯಿಲ್ಲದೆ, ಕಟ್ಟಬೇಕು. ಉಂಗುರ, ಕಾಲಂದಿಗೆಗಳನ್ನು ತೆಗೆಯಬೇಕು. ಮೂರನೆಯದಾಗಿ, ನಡೆಯಿಸದೆ ಹೊತ್ತುಕೊಂಡು ವಾಹನವಿರುವಲ್ಲಿಗೆ ಒಯ್ದು ಆಸ್ಪತ್ರೆ ಸೇರಿಸಬೇಕು. ಕಾರು ಸಿಕ್ಕದಿದ್ದರೆ ಮೋಟಾರು ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡಾದರೂ ಹೋಗಬೇಕು. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ನಾಲ್ಕನೆಯದಾಗಿ, ಕಡಿದ ಹೊತ್ತನ್ನೂ ದಾರಿಯಲ್ಲಿ ಕಂಡ ಚಿಹ್ನೆಗಳನ್ನೂ ಪುಸ್ತಕದಲ್ಲಿ ಬರೆದು ವೈದ್ಯರಿಗೆ ತಿಳಿಸಬೇಕು.

ಹುರಿಯಿಂದ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಮದ್ಯ ಕುಡಿಸುವುದು, ಮಂತ್ರಕ್ಕಾಗಿ ಕಾಯುವುದು, ಇವೊಂದೂ ಕೂಡದು. ಬಿಗಿದ ಕಟ್ಟಿನಿಂದ ಅಂಗವೇ ಕೊಳೆತುಹೋಗಬಹುದು. ಮಂಡಲದ ವಿಷವೇರಿದವನಲ್ಲಿ ಕೊಯ್ದ ಗಾಯದ ರಕ್ತವು ನಿಲ್ಲುವುದೇ ಇಲ್ಲ. ಹಾವನ್ನು ಹುಡುಕಿ ಕೊಲ್ಲಹೋಗಿ ಎರಡನೆಯವನು ಕಡಿಸಿಕೊಳ್ಳುವುದೂ ಉಂಟು. ಭಾರತದಲ್ಲಿ ದೊರೆಯುವ ಸಾಮಾನ್ಯ ಪ್ರತಿವಿಷವು ಮೇಲಿನ ನಾಲ್ಕು ಹಾವುಗಳ ವಿಷಕ್ಕೂ ಸೇರಿಯೇ ತಯಾರಾಗಿರುವುದರಿಂದ ಹಾವನ್ನು ಹಿಡಿದು ತೋರಿಸಬೇಕಾದ ಅಗತ್ಯವೂ ಇಲ್ಲ.

ಇದನ್ನು ತಡೆಯುವ ಉಪಾಯಗಳು ಸುಲಭವಾದವು: ನೆಲವನ್ನು ಬಿಟ್ಟು ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದು, ದೀಪವಿಲ್ಲದೆ ರಾತ್ರಿ ಹೊರಗೆ ಕಾಲಿಡದಿರುವುದು, ಇಲಿಗಳನ್ನು ಕರೆಯುವ ಕಾಳು ಹಾಗೂ ಕಸವನ್ನು ಗುಡಿಸಲಿನಿಂದ ದೂರವಿಡುವುದು.

ಮುಚ್ಚಳದೊಳಗಿನ ಚೀಟಿ

ಇಲ್ಲಿಯವರೆಗೆ ಹೇಳಿದ ವಸ್ತುಗಳೆಲ್ಲವೂ ಹಣ ಕೊಟ್ಟರೆ ಅಂಗಡಿಯಲ್ಲಿ ಸಿಕ್ಕುವುವು. ಆದರೆ ಪೆಟ್ಟಿಗೆಯಲ್ಲಿ ಇರಲೇಬೇಕಾದ ಇನ್ನೊಂದು ವಸ್ತುವು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಅದು ಮುಚ್ಚಳದ ಒಳಮಗ್ಗುಲಿಗೆ ಅಂಟಿಸುವ ಒಂದು ಚೀಟಿ.

ಇದರ ಬೆಲೆಯನ್ನು ತಿಳಿಯಲು ಕಲ್ಪಿತವಾದ ದೃಷ್ಟಾಂತವೊಂದನ್ನು ತೆಗೆದುಕೊಳ್ಳಬಹುದು. ಒಂದೇ ಕಾಲುವೆಯ ಮೇಲೆ ಎರಡು ಬಿಡಾರಗಳಿವೆ. ಎರಡರಲ್ಲಿಯೂ ಒಂದೇ ಬಗೆಯ ಪೆಟ್ಟಿಗೆಯಿದೆ. ಎರಡರಲ್ಲಿಯೂ ನಡುರಾತ್ರಿ ಒಬ್ಬನಿಗೆ ಹಾವು ಕಡಿಯಿತು. ಮೊದಲನೆಯ ಬಿಡಾರದವರು ಪರಸ್ಥಳದವರು. ಆಸ್ಪತ್ರೆ ಎತ್ತಲೆಂದು ಅರಿಯದೆ ಹತ್ತಿರದ ಊರಿಗೆ ನಡೆದರು, ಅಲ್ಲಿ ಬಾಗಿಲು ತಟ್ಟಿ ಎಬ್ಬಿಸುವ ಹೊತ್ತಿಗೆ ಒಂದು ಗಂಟೆ ಕಳೆಯಿತು, ಸಿಕ್ಕ ವಾಹನದಲ್ಲಿ ಒಂದು ಆಸ್ಪತ್ರೆಗೆ ಹೋದರೆ ಅಲ್ಲಿ ಪ್ರತಿವಿಷವಿಲ್ಲ, ಮತ್ತೊಂದಕ್ಕೆ ಹೊರಟರು. ಎರಡನೆಯ ಬಿಡಾರದಲ್ಲಿ ಚೀಟಿಯಿದ್ದಿತು. ಪ್ರತಿವಿಷವಿರುವ ಆಸ್ಪತ್ರೆ ಯಾವುದು, ರಾತ್ರಿ ಯಾರ ವಾಹನ ಬರುವುದು, ಎಲ್ಲಿ ನಿಂತು ಕಾಯಬೇಕು ಎಂಬುದೆಲ್ಲವೂ ಅದರಲ್ಲಿ ಬರೆದಿದ್ದಿತು. ಪೆಟ್ಟಿಗೆಗಳೆರಡೂ ಸಮವಾಗಿದ್ದರೂ ರೋಗಿಗಳಿಬ್ಬರ ಗತಿಯು ಸಮವಾಗಲಾರದು.

ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆಯಿಸಬೇಕು: ಆಂಬುಲೆನ್ಸ್ ಕರೆಯುವ ೧೦೮ ಎಂಬ ಸಂಖ್ಯೆ, ಹತ್ತಿರದ ಆರೋಗ್ಯ ಕೇಂದ್ರದ ಹೆಸರು ಮತ್ತು ದೂರ, ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆಯ ಹೆಸರು, ದೂರ, ದಾರಿ, ರಾತ್ರಿಯಲ್ಲಿ ಕರೆದರೆ ಬರಲೊಪ್ಪಿದ ಇಬ್ಬರು ವಾಹನದವರ ಹೆಸರು ಮತ್ತು ದೂರವಾಣಿ, ಆಶಾ ಕಾರ್ಯಕರ್ತೆಯ ದೂರವಾಣಿ, ಬಿಡಾರದ ಗುರುತು. ಈ ಕೊನೆಯದನ್ನು ಅನೇಕರು ಮರೆಯುವರು. ಪರಸ್ಥಳದವನು ೧೦೮ ಕ್ಕೆ ಕರೆಮಾಡಿ “ಕಬ್ಬಿನ ಹೊಲದಲ್ಲಿದ್ದೇವೆ” ಎಂದರೆ ವಾಹನವು ಎಲ್ಲಿಗೆ ಬರಬೇಕು? ಗ್ರಾಮ, ಹೋಬಳಿ, ತಾಲ್ಲೂಕು, ಕಾಲುವೆಯ ತೂಬು ಅಥವಾ ಸೇತುವೆ, ಹತ್ತಿರದ ಗುಡಿ ಅಥವಾ ಶಾಲೆ, ಇವುಗಳನ್ನು ಬರೆದಿಟ್ಟರೆ ಓದಿಹೇಳಲು ಸುಲಭವಾಗುವುದು. ಬಂದವರ ಮಾತು ಮರಾಠಿಯಾಗಿದ್ದರೆ ಚೀಟಿಯನ್ನು ಆ ಭಾಷೆಯಲ್ಲಿಯೂ ಬರೆಯಿಸತಕ್ಕದ್ದು.

ಪ್ರತಿವಿಷವು ಯಾವ ಆಸ್ಪತ್ರೆಯಲ್ಲಿ ಇದೆಯೆಂಬುದನ್ನು ಹಂಗಾಮಿನ ಪ್ರಾರಂಭದಲ್ಲಿಯೇ ಅಲ್ಲಿಗೆ ಹೋಗಿ ಕೇಳಿ ತಿಳಿಯಬೇಕು. ಈ ಕೆಲಸವನ್ನು ಪರಸ್ಥಳದಿಂದ ಬಂದ ಕೂಲಿಕಾರನಿಂದ ನಿರೀಕ್ಷಿಸಲಾಗದು. ದಾರಿಯನ್ನೂ ಜನರನ್ನೂ ಬಲ್ಲ ಊರಿನ ಯಜಮಾನರು ಅರ್ಧ ದಿನದಲ್ಲಿ ಅದನ್ನು ಮಾಡಬಲ್ಲರು. ಅವರು ಬಿಡಾರಕ್ಕೆ ಕೊಡಬಹುದಾದ ದಾನಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಹೊಣೆಗಾರರು

ಪೆಟ್ಟಿಗೆಗೆ ಇಬ್ಬರು ಹೊಣೆಗಾರರಿರಬೇಕು; ಒಬ್ಬರಾದರೂ ಓದುಬರಹ ಬಲ್ಲವರಾಗಿರಬೇಕು, ಒಬ್ಬರು ಹೆಂಗಸಾಗಿರುವುದು ಉತ್ತಮ. ಹೊರಡುವ ಮೊದಲು ಒಂದು ಸಂಜೆ ಎಲ್ಲರನ್ನೂ ಕೂಡಿಸಿ, ರಕ್ತವನ್ನು ಒತ್ತಿಹಿಡಿಯುವುದನ್ನೂ, ಬಿದಿರು ಪಟ್ಟಿ ಕಟ್ಟುವುದನ್ನೂ, ಜೀವಜಲ ಕಲಸುವುದನ್ನೂ ಕೈಯಿಂದ ಮಾಡಿಸಿ ನೋಡಬೇಕು. ಕತ್ತಲಲ್ಲಿ, ಗಾಬರಿಯ ನಡುವೆ, ಮೊದಲ ಬಾರಿಗೆ ಪೊಟ್ಟಣವನ್ನು ಬಿಚ್ಚುವವನ ಕೈ ನಡುಗುವುದು ಸಹಜವು. ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ರೆಡ್ ಕ್ರಾಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ಶಿಕ್ಷಣವನ್ನು ಕೊಡುವುವು. ಊರಿಗೊಬ್ಬ ಯುವಕನನ್ನೂ ಒಬ್ಬ ಯುವತಿಯನ್ನೂ ಕಳುಹಿಸಿದರೆ ಬಿಡಾರಕ್ಕೂ ಊರಿಗೂ ಉಪಯೋಗವಾಗುವುದು.

ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ತೆರೆದು ಪಟ್ಟಿಯೊಡನೆ ತಾಳೆನೋಡಬೇಕು. ಖರ್ಚಾದುದನ್ನು ತುಂಬಬೇಕು, ಅವಧಿ ಮೀರಿದ ಔಷಧಗಳನ್ನೂ ಗಟ್ಟಿಯಾದ ಜೀವಜಲದ ಪುಡಿಯನ್ನೂ ತೆಗೆದುಹಾಕಬೇಕು, ದೀಪವನ್ನು ಹೊತ್ತಿಸಿ ನೋಡಬೇಕು. ಪೆಟ್ಟಿಗೆಯನ್ನು ಬಿಸಿಲಿನಲ್ಲಿಯೂ ಒಲೆಯ ಬಳಿಯಲ್ಲಿಯೂ ಇಡಕೂಡದು.

ಕೊನೆಯದಾಗಿ ಜಮೀನಿನ ಒಡೆಯರು ಗಮನಿಸಬೇಕಾದ ಸಂಗತಿಯೊಂದುಂಟು. ಮುಂಗಡ ಪಡೆದು ಬಂದ ಕೂಲಿಕಾರನು ಚಿಕ್ಕ ಗಾಯವನ್ನು ಬಚ್ಚಿಡುವನು. ಆಸ್ಪತ್ರೆಗೆ ಹೋದರೆ ದಿನದ ಕೂಲಿ ಹೋಗುವುದು, ಮೇಸ್ತ್ರಿಯು ಸಿಡುಕುವನು, ಸಾಲವು ತೀರದೆ ಉಳಿಯುವುದು ಎಂಬುದೇ ಅವನ ಭಯ. ಬಚ್ಚಿಟ್ಟ ಗೀರು ಕುರುಡಾಗುವುದು, ಬಚ್ಚಿಟ್ಟ ಕೊಯ್ತವು ಕೊಳೆಯುವುದು. ಆದುದರಿಂದ ಬಿಡಾರವು ಏಳುವ ಮೊದಲ ದಿನವೇ ಒಡೆಯರು ಎಲ್ಲರ ಮುಂದೆ ಪೆಟ್ಟಿಗೆಯನ್ನು ತೆರೆದು ತೋರಿಸಿ, ಗಾಯವಾದವನು ಒಡನೆಯೇ ಹೇಳಬೇಕೆಂದೂ, ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಮುರಿಯುವುದಿಲ್ಲವೆಂದೂ ಸ್ಪಷ್ಟವಾಗಿ ತಿಳಿಸಬೇಕು. ಈ ಮಾತನ್ನು ನಂಬಿ ಗಾಯಗೊಂಡವನು ಮುಂದೆ ಬಂದಾಗಲೇ ಪೆಟ್ಟಿಗೆಯಲ್ಲಿರುವುದು ಪ್ರಯೋಜನಕ್ಕೆ ಬರುವುದು.

ಎತ್ತಿಗೆ ಮೇವು, ಬಾವಿಗೆ ಹಗ್ಗ, ಬೆಳೆಗೆ ಕಾವಲು ಎಂದು ಮುಂಗಂಡು ಏರ್ಪಡಿಸುವವರಿಗೆ ಈ ಏರ್ಪಾಡು ಕಷ್ಟವಾದುದಲ್ಲ. ಮುಂದಿನ ಹಂಗಾಮಿನ ಮೊದಲ ಗುಡಿಸಲು ಏಳುವುದಕ್ಕೆ ಮುಂಚೆಯೇ ಪೆಟ್ಟಿಗೆಯು ತುಂಬಿ, ಅದರ ಮುಚ್ಚಳದೊಳಗೆ ಚೀಟಿಯು ಅಂಟಿರಲಿ.